ಅರ್ಜಿ ಹಾಕಿದೋರಷ್ಟೇ ಜಾಣರಾ?

ಮಾನ್ಯ ಸಂಪಾದಕರೇ,

ಚಿಂತಾಮಣಿಯಲ್ಲಿ ನಂದೊಂದು ಸಣ್ಣ ಸೈಬರ್ ಸೆಂಟರ್ ಇದೆ. ಒಂದು ಜೆರಾಕ್ಸ್ ಮಿಷನ್ನು, ಎರಡು ಕಂಪ್ಯೂಟರು, ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜ್ ಫೋಟೋ, ಇಷ್ಟೇ. ಪಹಣಿ ತೆಗೆಸೋರು, ರೇಷನ್ ಕಾರ್ಡಿಗೆ ಹೆಸರು ಸೇರಿಸೋರು, ಜಾತಿ ಆದಾಯ ಸರ್ಟಿಫಿಕೇಟಿಗೆ ಓಡಾಡೋರು, ಇವರ ಮಧ್ಯೆ ಪ್ರತಿ ವರ್ಷ ಸ್ಕೂಲು ಶುರುವಾಗಿ ಸ್ವಲ್ಪ ದಿನಕ್ಕೆ ಇನ್ನೊಂದು ಗುಂಪು ಬರುತ್ತೆ, ಐದನೇ ಕ್ಲಾಸ್ ಮಕ್ಕಳ ಕೈ ಹಿಡ್ಕೊಂಡು ಬರೋ ಅಪ್ಪ ಅಮ್ಮಂದಿರು. ನವೋದಯ ಅಂತ ಕೇಂದ್ರ ಸರ್ಕಾರದ ವಸತಿ ಶಾಲೆ ಇದೆಯಲ್ಲ, ಪರೀಕ್ಷೆ ಬರೆದು ಆರನೇ ಕ್ಲಾಸಿಗೆ ಸೇರೋದು, ಅದರ ಅರ್ಜಿ. ಅದು ಮುಗಿದ ಮೇಲೆ ಅದೇ ಥರ ರಾಜ್ಯ ಸರ್ಕಾರದ ಶಾಲೆಗಳದ್ದು, ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ, ಆದರ್ಶ ವಿದ್ಯಾಲಯ. ಅರ್ಜಿಗಳೆಲ್ಲಾ ಆನ್‌ಲೈನ್ ಆದಾಗಿಂದ ಇದನ್ನೇ ನೋಡ್ತಾ ಇದೀನಿ. ರಿಸಲ್ಟ್ ಬಂದಾಗ ನಿಮ್ಮ ಪೇಪರ್‌ನಲ್ಲಿ "ನವೋದಯಕ್ಕೆ ಆಯ್ಕೆಯಾದ ಪ್ರತಿಭೆ" ಅಂತ ಮಕ್ಕಳ ಫೋಟೋ ಬರುತ್ತಲ್ಲ, ಅದರಲ್ಲಿ ಒಂದೆರಡು ಫೋಟೋ ನಾನೇ ತೆಗೆದಿರೋದು. ಖುಷಿನೇ ಆಗುತ್ತೆ. ಆದ್ರೆ ಅದನ್ನ ನೋಡಿದಾಗೆಲ್ಲಾ ನನಗೆ ಅನ್ಸೋದು ಒಂದೇ, ಈ ಆಯ್ಕೆ ಅನ್ನೋದು ಮುಕ್ಕಾಲು ಪಾಲು ನನ್ನ ಅಂಗಡಿ ಬಾಗಿಲಲ್ಲೇ ಮುಗಿದು ಹೋಗಿರುತ್ತೆ, ಪರೀಕ್ಷೆ ಆಮೇಲಿನ ಮಾತು.

ಹೇಗೆ ಅಂತ ಹೇಳ್ತೀನಿ. ನವೋದಯಕ್ಕೆ ಅರ್ಜಿ ಫೀಸ್ ಇಲ್ಲ, ಒಂದು ರೂಪಾಯಿನೂ ಇಲ್ಲ, ಅದು ನಿಜವಾಗ್ಲೂ ಒಳ್ಳೇದು. ಆದ್ರೆ ಹೆಡ್ ಮಾಸ್ಟರ್ ಸೈನು ಸೀಲು ಹಾಕಿದ ಸರ್ಟಿಫಿಕೇಟ್ ಬೇಕು, ಮಗು ಸೈನು, ಪೋಷಕರ ಸೈನು, ಫೋಟೋ, ಎಲ್ಲಾ ಸ್ಕ್ಯಾನ್ ಮಾಡಿ ಅವರು ಹೇಳಿದಷ್ಟೇ ಕೆಬಿಗೆ ಇಳಿಸಿ ಅಪ್‌ಲೋಡ್ ಮಾಡ್ಬೇಕು, ಆಮೇಲೆ ಮೊಬೈಲಿಗೆ ಬರೋ ಒಟಿಪಿ. ಬಂದೋರ ಕೈಲಿ ಫೋನ್ ಇರುತ್ತೆ ಆದ್ರೆ ರೀಚಾರ್ಜ್ ಮುಗಿದಿರುತ್ತೆ, ಇಲ್ಲಾ ಸಿಮ್ಮು ಬೆಂಗಳೂರಲ್ಲಿ ಗಾರೆ ಕೆಲಸ ಮಾಡೋ ಮಗನ ಹತ್ರ ಇರುತ್ತೆ, ಅವನು ಸಾರ್ವೆ ಮೇಲೆ ನಿಂತಿರ್ತಾನೆ ಫೋನ್ ಎತ್ತಲ್ಲ, ಒಟಿಪಿ ಹತ್ತು ನಿಮಿಷಕ್ಕೆ ಸತ್ತು ಹೋಗುತ್ತೆ. ಹೆಡ್ ಮಾಸ್ಟರ್ರು ಮೀಟಿಂಗಿಗೆ ಹೋಗಿದ್ರೆ ಸೀಲು ಸಿಗಲ್ಲ. ಹಳ್ಳಿಯಿಂದ ಬಂದೋರು ಬಸ್ ಚಾರ್ಜ್ ಹಾಕ್ಕೊಂಡು ವಾಪಸ್ ಹೋಗಿ ಮಾರನೇ ದಿನ ಬರಬೇಕು, ಒಂದು ದಿನದ ಕೂಲಿ ಹೋಯ್ತು. ಕೊನೇ ದಿನ ಸರ್ವರ್ ಡೌನ್, ಅದಂತೂ ಗೊತ್ತಿದ್ದಿದ್ದೇ. ಇಷ್ಟೆಲ್ಲಾ ದಾಟಿದ ಮಗು ಮಾತ್ರ ಪರೀಕ್ಷೆಗೆ ಕೂರುತ್ತೆ. ಮತ್ತೆ ಒಂದು ಮಗುಗೆ ಆರನೇ ಕ್ಲಾಸಿನ ನವೋದಯ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ, ಐದನೇ ಕ್ಲಾಸಲ್ಲಿ ಇದ್ದಾಗ ಮಾತ್ರ. ತಪ್ಪಿದ್ರೆ ತಪ್ಪಿತು.

ಹೋದ ವರ್ಷ ಒಂದು ಘಟನೆ ಆಯ್ತು, ಈ ಪತ್ರ ಬರೆಯೋಕೆ ಕಾರಣನೇ ಅದು. ಚೇಳೂರು ಕಡೆಯ ಒಂದು ಹಳ್ಳಿಯಿಂದ ಒಬ್ಬ ಅಜ್ಜಿ ಬಂದಿದ್ರು, ಪಿಂಚಣಿ ನಿಂತುಹೋಗಿದೆ ಅಂತ ಕಾಗದಗಳ ಒಂದು ಕಂತೆ ಹಿಡ್ಕೊಂಡು. ಜೊತೆಗೆ ಮೊಮ್ಮಗಳು. ನಮ್ಮ ಕಡೆ ಗೊತ್ತಲ್ಲ, ಆ ಭಾಗದಲ್ಲಿ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಹದಿನಾಲ್ಕು ಜೆರಾಕ್ಸು ತಲಾ ಎರಡು ರೂಪಾಯಿ, ಮೂರು ಕಲರ್ ಪ್ರಿಂಟು ತಲಾ ಹತ್ತು, ಒಂದು ಲ್ಯಾಮಿನೇಷನ್ ಮೂವತ್ತು. ಅಜ್ಜಿ ಇನ್ನೂರರ ನೋಟು ಕೊಟ್ರು. ನಾನು ಕ್ಯಾಲ್ಕುಲೇಟರ್‌ಗೆ ಕೈ ಹಾಕೋ ಅಷ್ಟರಲ್ಲಿ ಆ ಹುಡುಗಿ "ನೂರ ಹನ್ನೆರಡು ವಾಪಸ್ ಕೊಡ್ಬೇಕು ಸಾರ್" ಅಂದ್ಳು. ಸರಿ, ಅಂಗಡಿ ಲೆಕ್ಕ ಬರೋ ಮಕ್ಕಳು ಬೇಕಾದಷ್ಟು ಇರ್ತಾರೆ ಬಿಡಿ ಅಂತ ಚಿಲ್ಲರೆ ಎಣಿಸ್ತಾ ಇದ್ದೆ. ಆಮೇಲೆ ಅವಳು ಇನ್ನೊಂದು ಕೇಳಿದ್ಳು, "ಹಿಂದೆ ಮುಂದೆ ಎರಡೂ ಕಡೆ ಹಾಕಿದ್ರೆ ಹಾಳೆ ಏಳೇ ಅಲ್ವಾ ಸಾರ್, ಆವಾಗ್ಲೂ ಇಪ್ಪತ್ತೆಂಟೇ ಯಾಕೆ ತಗೋತೀರಾ?" ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಇವತ್ತಿಗೂ ಇಲ್ಲ, ಟೋನರ್ ಖರ್ಚು ಅಂತ ಏನೋ ಹೇಳ್ದೆ.

ಕುತೂಹಲ ಆಯ್ತು. ನವೋದಯ ಪರೀಕ್ಷೆಯಲ್ಲಿ ಮಾನಸಿಕ ಸಾಮರ್ಥ್ಯ ಅಂತ ಒಂದು ಭಾಗ ಬರುತ್ತೆ, 80 ಪ್ರಶ್ನೆಯಲ್ಲಿ 40 ಅದೇ, 100 ಅಂಕದಲ್ಲಿ 50 ಅದಕ್ಕೇ. ಉಳಿದಿದ್ದು ಗಣಿತ 25, ಭಾಷೆ 25. ಆ ಭಾಗದಲ್ಲಿ ಬರೀ ಚಿತ್ರಗಳು, ಗುಂಪಿಗೆ ಸೇರದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತೆ, ಕಾಗದ ಮಡಿಚಿ ತೂತು ಹೊಡೆದು ಬಿಚ್ಚಿದ್ರೆ ಎಲ್ಲೆಲ್ಲಿ ತೂತು ಇರುತ್ತೆ, ಈ ಥರ. ನಾನು ಒಂದು ವೇಸ್ಟ್ ಜೆರಾಕ್ಸ್ ಹಾಳೆ ತಗೊಂಡು ಮೂರು ಸಲ ಮಡಿಚಿ ಮೂಲೆ ಹತ್ರ ಪಂಚಿಂಗ್ ಮಿಷನ್ನಲ್ಲಿ ಒಂದು ತೂತು ಹೊಡೆದು, ಬಿಚ್ಚದೇನೇ ಕೇಳ್ದೆ, ಎಷ್ಟು ತೂತು? "ಎಂಟು" ಅಂದ್ಳು. ಹೇಗೆ ಅಂದ್ರೆ, "ಒಂದು ಮಡಿಕೆಗೆ ಎರಡು ಆಗುತ್ತಲ್ಲ, ಇನ್ನೊಂದು ಮಡಿಚಿದ್ರೆ ಅದೂ ಎರಡೆರಡು ಆಗುತ್ತೆ". ಎಲ್ಲೆಲ್ಲಿ ಬರುತ್ತೆ ತೋರಿಸು ಅಂತ ಇನ್ನೊಂದು ಹಾಳೆ ಕೊಟ್ಟೆ, ಪೆನ್ನಲ್ಲಿ ಎಂಟು ಚುಕ್ಕಿ ಇಟ್ಳು. ಬಿಚ್ಚಿ ಅದರ ಮೇಲೆ ಇಟ್ಟು ನೋಡಿದ್ರೆ ಒಂದೇ ಒಂದು ಚುಕ್ಕಿ ಒಂಚೂರು ಆಚೆ ಇತ್ತು, ಅಷ್ಟೇ. ಅಜ್ಜಿ "ಈ ಪಿಲ್ಲ ಬಾಗಾ ಚದುವುತುಂದಿ ಸಾರ್", ಈ ಹುಡುಗಿ ಚೆನ್ನಾಗಿ ಓದ್ತಾಳೆ ಅಂತ ನಗ್ತಾ ಇದ್ರು.

ನವೋದಯ ಬರೆದ್ಯಾ ಅಂತ ಕೇಳ್ದೆ. "ಅದೇನು ಸಾರ್?" ಅಂದ್ಳು. ಆವಾಗ ಅವಳು ಆರನೇ ಕ್ಲಾಸು.

ಆಮೇಲೆ ವಿಚಾರಿಸಿದೆ. ಅವಳ ಜೊತೆ ಐದನೇ ಕ್ಲಾಸಲ್ಲಿ ಒಂಬತ್ತು ಮಕ್ಕಳಿದ್ರಂತೆ, ಅರ್ಜಿ ಹಾಕಿಸಿದ್ದು ಇಬ್ಬರಿಗೆ. ಆ ಇಬ್ಬರೂ ನೀಟಾಗಿ ಬರೆಯೋ ಮಕ್ಕಳು, ಅವರ ಅಪ್ಪಂದಿರು ಸ್ಕೂಲಿಗೆ ಬಂದು ಹೋಗಿ ಮಾಡೋರು. ಇವಳು ಬಾಯಿಬಡಕಿ ಅಂತ ಹೆಸರು. ಪ್ರಶ್ನೆ ಕೇಳೋ ಮಕ್ಕಳಿಗೆ ನಮ್ಮಲ್ಲಿ ಬೇರೆ ಹೆಸರು ಎಲ್ಲಿದೆ ಹೇಳಿ.

ಮೇಷ್ಟ್ರನ್ನ ಬೈಯ್ಯೋಕೆ ಈ ಪತ್ರ ಬರೀತಾ ಇಲ್ಲ. ಒಬ್ಬರೇ ಟೀಚರ್ರು ಒಂದರಿಂದ ಐದು, ನಲಿ ಕಲಿ ಮಕ್ಕಳು ಒಂದು ಕಡೆ, ದೊಡ್ಡ ಮಕ್ಕಳು ಇನ್ನೊಂದು ಕಡೆ, ಮಧ್ಯದಲ್ಲಿ ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮತದಾರರ ಪಟ್ಟಿಯ ಬಿಎಲ್‌ಒ ಡ್ಯೂಟಿ, ಸಮೀಕ್ಷೆ ಡ್ಯೂಟಿ. ಹಿಂದುಳಿದ ಮಕ್ಕಳ ಪಟ್ಟಿ ಮಾಡಿ ಅಂತ ಮೇಲಿಂದ ಆರ್ಡರ್ ಬರುತ್ತೆ, ಮಾಡ್ತಾರೆ. ಅದು ಬೇಕು, ಬೇಡ ಅನ್ನಲ್ಲ. ಆದ್ರೆ ಕ್ಲಾಸಿನ ಪಾಠ ಮುಗಿಸಿ ಬೇಜಾರಾಗಿ ಕಿಟಕಿ ನೋಡ್ತಾ ಕೂತಿರೋ ಮಗುವಿನ ಪಟ್ಟಿ ಮಾಡಿ ಅಂತ ಯಾರೂ ಕೇಳಲ್ಲ. ಹಾಗಾಗಿ ಅರ್ಜಿ ಬಂದಾಗ ಯಾರ ಹೆಸರು ತಕ್ಷಣ ನೆನಪಾಗುತ್ತೋ ಅವರದ್ದು ಹೋಗುತ್ತೆ. ನನ್ನ ಸ್ನೇಹಿತ ಒಬ್ಬ ಮೇಷ್ಟ್ರು ಇದಾನೆ, ಅವನೇ ಒಪ್ಕೊಂಡ, "ನಿಜ ಹೇಳ್ಬೇಕಂದ್ರೆ ಸುಮ್ನೆ ಕೂತ್ಕೊಳ್ಳೋ ಮಕ್ಕಳ ಹೆಸರೇ ಮೊದ್ಲು ಬಾಯಿಗೆ ಬರೋದು" ಅಂತ.

ಪ್ರತಿಭಾ ಕಾರಂಜಿ ಕಥೆನೂ ಇದೇ ಬಿಡಿ. ಕ್ಲಸ್ಟರ್ ಲೆವೆಲ್ಲಿಗೆ ಹೋಗೋ ಮಗು ಯಾವುದು ಅಂದ್ರೆ ಛದ್ಮವೇಷದ ಬಟ್ಟೆ ಬಾಡಿಗೆಗೆ ತರೋಕೆ ಆಗೋ ಮನೆ ಮಗು. ಆಮೇಲೆ ಭಾಷಣ ಮಾಡೋಕೆ ಬರೋ ಅತಿಥಿಗಳು ತಪ್ಪದೇ ಮುದ್ದೇನಹಳ್ಳಿ ಕಡೆ ಕೈ ತೋರಿಸಿ ನಿಮ್ಮಲ್ಲೇ ಒಬ್ಬ ವಿಶ್ವೇಶ್ವರಯ್ಯ ಇದಾನೆ ಅಂತಾರೆ. ಇರಬಹುದು ಸ್ವಾಮಿ, ಇದ್ರೆ ಹುಡುಕೋದು ಯಾರು?

ನಾನೂ ಬಿ.ಎಡ್ ಮಾಡಿದೋನೇ, ಕೆಲಸ ಸಿಗ್ಲಿಲ್ಲ ಅಂತ ಅಂಗಡಿ ಇಟ್ಟೆ. ಆವಾಗ ಮನೋವಿಜ್ಞಾನದಲ್ಲಿ ಬಿನೆ ಅಂತ ಒಬ್ಬರ ಬಗ್ಗೆ ಓದಿದ್ವಿ. ಬುದ್ಧಿ ಅಳೆಯೋ ಟೆಸ್ಟನ್ನ ಮೊದಲು ಮಾಡಿದ್ದು ಫ್ರಾನ್ಸಿನ ಈ ಮನುಷ್ಯ, ಸಿಮೋ ಅನ್ನೋರ ಜೊತೆ ಸೇರಿ, 1905ರಲ್ಲಿ. ಯಾಕೆ ಮಾಡಿದ್ದು ಅಂದ್ರೆ ಯಾವ ಮಕ್ಕಳಿಗೆ ಹೆಚ್ಚು ಸಹಾಯ ಬೇಕು ಅಂತ ಕಂಡುಹಿಡಿಯೋಕೆ. ಅದೇ ಟೆಸ್ಟು ಅಮೆರಿಕಕ್ಕೆ ಹೋದ ಮೇಲೆ ಜಾಣರನ್ನ ಜರಡಿ ಹಿಡಿಯೋ ಟೆಸ್ಟ್ ಆಯ್ತು. 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟರ್ಮನ್ ಅನ್ನೋರು ಮಹಾ ಬುದ್ಧಿವಂತ ಮಕ್ಕಳನ್ನ ಹುಡುಕೋಕೆ ಹೊರಟ್ರು, ಅವರೂ ಮೊದಲು ಮಾಡಿದ್ದು ನಮ್ಮ ಮೇಷ್ಟ್ರು ಮಾಡೋದನ್ನೇ, ಕ್ಲಾಸಲ್ಲಿ ಯಾರು ಜಾಣರು ಹೆಸರು ಕೊಡಿ ಅಂತ ಟೀಚರ್‌ಗಳನ್ನ ಕೇಳಿದ್ದು. ಆದ್ರೆ ಒಂದು ಕೆಲಸ ಜಾಸ್ತಿ ಮಾಡಿದ್ರು, ಕ್ಲಾಸಲ್ಲಿ ವಯಸ್ಸಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಯಾವುದು ಅಂತಾನೂ ಕೇಳಿ ಅವರನ್ನೂ ಟೆಸ್ಟಿಗೆ ಸೇರಿಸಿದ್ರು, ಅವರಲ್ಲೂ ಜಾಣರು ಸಿಕ್ಕಿದ್ರು. ಅಷ್ಟೆಲ್ಲಾ ಮಾಡಿದ್ರೂ ಟೆಸ್ಟಲ್ಲಿ ಕಟಾಫ್ ದಾಟದೆ ಬಿಟ್ಟುಹೋದ ಇಬ್ಬರು ಹುಡುಗರು ಶಾಕ್ಲಿ ಮತ್ತೆ ಅಲ್ವಾರೆಜ್, ಒಬ್ಬರಿಗೆ 1956ರಲ್ಲಿ ಇನ್ನೊಬ್ಬರಿಗೆ 1968ರಲ್ಲಿ ಫಿಸಿಕ್ಸ್ ನೊಬೆಲ್ ಬಂತು. ಅಂದ್ರೆ ಟೆಸ್ಟಿಗೆ ಕೂತೋರಲ್ಲೇ ಇಷ್ಟು ತಪ್ಪಿ ಹೋಗುತ್ತೆ, ಇನ್ನು ಕೂರದೇ ಇದ್ದೋರ ಲೆಕ್ಕ ಯಾರು ಇಟ್ಟಿದಾರೆ.

ವಯಸ್ಸಿನ ವಿಚಾರ ಬಂತಲ್ಲ, ನಮ್ಮ ಹಳ್ಳಿ ಕಡೆ ಹುಟ್ಟಿದ ತಾರೀಕು ಅಂದ್ರೇನೇ ಒಂದು ತಮಾಷೆ. ನಮ್ಮ ಕಾಲದೋರದ್ದು ಅರ್ಧ ಜನರದ್ದು ಜೂನ್ 1, ಮೇಷ್ಟ್ರು ಬರೆದಿದ್ದೇ ಜನ್ಮದಿನ. ಈಗಿನ ಮಕ್ಕಳದ್ದು ಆಸ್ಪತ್ರೆ ದಾಖಲೆ ಇರುತ್ತೆ, ಸರಿ. ಆದ್ರೆ ಒಂದೇ ಕ್ಲಾಸಲ್ಲಿ ಹತ್ತು ಹನ್ನೊಂದು ತಿಂಗಳು ವ್ಯತ್ಯಾಸ ಇರೋ ಮಕ್ಕಳು ಇರ್ತಾರೆ, ಹತ್ತು ವರ್ಷದ ಮಗುಗೆ ಹನ್ನೊಂದು ತಿಂಗಳು ಕಮ್ಮಿ ಏನಲ್ಲ. ದೊಡ್ಡದು ಜಾಣ, ಚಿಕ್ಕದು ದಡ್ಡ ಅಂತ ಕಾಣುತ್ತೆ. ಇದನ್ನ ಯಾರೂ ಗಮನಿಸಲ್ಲ.

ಈಗ ಟೌನ್ ಕಡೆ ಬನ್ನಿ. ಇಲ್ಲಿ ನವೋದಯ ಕೋಚಿಂಗ್ ಇದೆ, ನಾಲ್ಕನೇ ಕ್ಲಾಸಿಂದಾನೇ ಶುರು. ಕಾಗದ ಮಡಿಚಿ ತೂತು ಹೊಡೆಯೋ ಲೆಕ್ಕವನ್ನ ಆ ಮಕ್ಕಳು ನೂರಾರು ಸಲ ಮಾಡಿರ್ತಾರೆ, ಉಳಿದೋರು ಪರೀಕ್ಷೆ ಹಾಲಲ್ಲೇ ಮೊದಲನೇ ಸಲ ನೋಡೋದು. 80 ಪ್ರಶ್ನೆಗೆ ಎರಡು ಗಂಟೆ, ಒಂದಕ್ಕೆ ಒಂದೂವರೆ ನಿಮಿಷ, ಇದೇನಪ್ಪಾ ಅಂತ ಅರ್ಥ ಮಾಡ್ಕೊಳ್ಳೋ ಅಷ್ಟರಲ್ಲೇ ಆ ಒಂದೂವರೆ ನಿಮಿಷ ಹೋಯ್ತು. ಮತ್ತೆ ಒಎಂಆರ್ ಉತ್ತರದ ಹಾಳೆಯಲ್ಲಿ ಗುಂಡಗೆ ತುಂಬೋದು ಬೇರೆ. ನವೋದಯದಲ್ಲಿ ಕಡೇ ಪಕ್ಷ 75 ಪರ್ಸೆಂಟ್ ಸೀಟು ಹಳ್ಳಿ ಮಕ್ಕಳಿಗೆ ಅಂತ ರೂಲ್ಸ್ ಇದೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ, ಒಳ್ಳೇ ರೂಲ್ಸು, ಆದ್ರೆ ಮೂರು ನಾಲ್ಕು ಐದನೇ ಕ್ಲಾಸು ಹಳ್ಳಿ ಸ್ಕೂಲಲ್ಲಿ ಓದಿರಬೇಕು ಅನ್ನೋದಕ್ಕೆ ಹೆಸರು ಹಳ್ಳಿ ಸ್ಕೂಲಲ್ಲಿ ಇಟ್ಟು ಮಗುನ ಟೌನಲ್ಲಿ ಕೋಚಿಂಗ್‌ಗೆ ಬಿಡೋ ಜನಾನೂ ಇದಾರೆ, ಅವರ ಸರ್ಟಿಫಿಕೇಟನ್ನೂ ನಾನೇ ಸ್ಕ್ಯಾನ್ ಮಾಡಿದೀನಿ, ನನಗೆ ಗೊತ್ತಿರಲ್ವಾ. ಒಂದು ಜಿಲ್ಲೆ ನವೋದಯದಲ್ಲಿ ಆರನೇ ಕ್ಲಾಸಿಗೆ ಇರೋದೇ 80 ಸೀಟು.

ಪ್ರೈವೇಟ್ ಸ್ಕೂಲುಗಳು ಇನ್ನೂ ಮುಂದೆ ಹೋಗಿವೆ. ಫೌಂಡೇಶನ್ ಬ್ಯಾಚು, ಒಲಿಂಪಿಯಾಡ್ ಬ್ಯಾಚು, ಸ್ಪೆಷಲ್ ಸೆಕ್ಷನ್ನು. ನನ್ನ ಮಗ ಓದೋ ಸ್ಕೂಲಲ್ಲೂ ಇದೆ, ಹೆಸರು ಬೇಡ. ಹೋದ ವರ್ಷ ಟೆಸ್ಟ್ ಮಾಡಿದ್ರು, ನನ್ನ ಮಗ ಎರಡು ಮಾರ್ಕಲ್ಲಿ ತಪ್ಪಿದ. ರಾತ್ರಿ ಊಟ ಬಿಟ್ಟು ಮಲಗಿದ. ನಾನು ಬೆಳಗ್ಗೆ ಎದ್ದು ಸ್ಕೂಲಿಗೆ ಹೋಗಿ ಜಗಳ ಆಡ್ದೆ, ಪ್ರಶ್ನೆ ಪತ್ರಿಕೆ ತೋರಿಸಿ ಅಂದೆ, ಹೇಗೆ ಸೆಲೆಕ್ಟ್ ಮಾಡಿದ್ರಿ ಅಂತ ಬರೆದು ಕೊಡಿ ಅಂದೆ. ಅರ್ಧ ಗಂಟೆ ಆದ ಮೇಲೆ ಅವರು ಏನಂದ್ರು ಗೊತ್ತಾ, "ಆಯ್ತು ಸಾರ್, ಎಕ್ಸ್‌ಟ್ರಾ ಫೀಸ್ ಕಟ್ಟಿ, ಕೂರಿಸ್ತೀವಿ". ಕಟ್ಟಿದೆ, ಕೂರಿಸಿದೆ, ಸುಳ್ಳು ಯಾಕೆ ಹೇಳ್ಲಿ. ಈಗ ನನ್ನ ಮಗ ಸ್ಪೆಷಲ್ ಸೆಕ್ಷನ್ ಅಂತ ಬೋರ್ಡ್ ಹಾಕಿರೋ ರೂಮಲ್ಲಿ ಕೂತಿದಾನೆ. ಅವನು ಒಳ್ಳೇ ಹುಡುಗ, ಓದ್ತಾನೆ. ಆದ್ರೆ ಮೂರು ಸಲ ಮಡಿಚಿದ ಹಾಳೆ ಅವನಿಗೂ ಕೊಟ್ಟು ನೋಡ್ದೆ, ಆರು ಅಂದ. ಆ ಅಜ್ಜಿ ಸ್ಕೂಲಿಗೆ ಹೋಗಿ ಪ್ರಶ್ನೆ ಪತ್ರಿಕೆ ತೋರಿಸಿ ಅಂತ ಕೇಳ್ತಾರಾ? ಕೇಳಿದ್ರೆ ಯಾರು ಕುರ್ಚಿ ಹಾಕ್ತಾರೆ?

ಇದು ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ದೆ, ಅಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಬ್ರೋವರ್ಡ್ ಕೌಂಟಿ ಅಂತ ಒಂದು ದೊಡ್ಡ ಸ್ಕೂಲ್ ಜಿಲ್ಲೆ. ಅಲ್ಲೂ ಗಿಫ್ಟೆಡ್, ಅಂದ್ರೆ ತುಂಬಾ ಜಾಣ ಮಕ್ಕಳ ಕ್ಲಾಸಿಗೆ ಸೇರಬೇಕಂದ್ರೆ ಟೀಚರ್ ಹೆಸರು ಹೇಳ್ಬೇಕಿತ್ತು ಇಲ್ಲಾ ಅಪ್ಪ ಅಮ್ಮ ಹೋಗಿ ಕೇಳ್ಬೇಕಿತ್ತು. ಸೇರ್ತಾ ಇದ್ದೋರು ಹೆಚ್ಚಾಗಿ ಅನುಕೂಲಸ್ಥರ ಮಕ್ಕಳೇ. 2005ರಲ್ಲಿ ಅವರು ಒಂದು ಕೆಲಸ ಮಾಡಿದ್ರು, ಯಾರನ್ನೂ ಕೇಳೋದೇ ಬೇಡ ಅಂತ ಎರಡನೇ ಕ್ಲಾಸಿನ ಎಲ್ಲಾ ಮಕ್ಕಳಿಗೂ ಅವರವರ ಕ್ಲಾಸಲ್ಲೇ ಒಂದು ಚಿಕ್ಕ ಟೆಸ್ಟ್, ಅದರಲ್ಲಿ ಮಾತು ಇಲ್ಲ, ಬರೀ ಚಿತ್ರ. ಅದರಲ್ಲಿ ಚೆನ್ನಾಗಿ ಮಾಡಿದೋರನ್ನ ಮುಂದಿನ ಪರೀಕ್ಷೆಗೆ ಕಳಿಸಿದ್ರು, ಬಡ ಮಕ್ಕಳಿಗೆ ಮತ್ತೆ ಮನೇಲಿ ಇಂಗ್ಲಿಷ್ ಇಲ್ಲದ ಮಕ್ಕಳಿಗೆ ಕಟಾಫ್ ಸ್ವಲ್ಪ ಇಳಿಸಿ. ಬಡವರ ಮಕ್ಕಳು, ಕರಿಯರ ಮಕ್ಕಳು, ಸ್ಪ್ಯಾನಿಷ್ ಮಾತಾಡೋರ ಮಕ್ಕಳು, ಇಷ್ಟು ದಿನ ಎಲ್ಲಿದ್ರಪ್ಪಾ ಅನ್ನೋ ಹಾಗೆ ಹೆಚ್ಚಿಗೆ ಸಿಕ್ಕಿದ್ರು. ಇದರ ಬಗ್ಗೆ ಡೇವಿಡ್ ಕಾರ್ಡ್, ಲಾರಾ ಜೂಲಿಯಾನೊ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟ ಮಾಡಿದಾರೆ, ಅದರಲ್ಲಿ ಕಾರ್ಡ್‌ಗೆ 2021ರಲ್ಲಿ ಬೇರೆ ಕೆಲಸಕ್ಕೆ ನೊಬೆಲ್ಲೂ ಬಂತು. ಕಥೆಯ ಕೊನೆ ಮಾತ್ರ ಕೆಟ್ಟದು, ಕೆಲವು ವರ್ಷ ಆದ ಮೇಲೆ ದುಡ್ಡಿಲ್ಲ ಅಂತ ಎಲ್ಲರಿಗೂ ಟೆಸ್ಟ್ ಮಾಡೋದನ್ನ ನಿಲ್ಲಿಸಿದ್ರು, ಲೆಕ್ಕ ಮತ್ತೆ ಹಳೇ ಜಾಗಕ್ಕೆ ಬಂತು. ಮಕ್ಕಳ ಬುದ್ಧಿ ಏನು ಒಂದು ವರ್ಷದಲ್ಲಿ ಆವಿ ಆಗೋಯ್ತಾ?

ನಮ್ಮ ಬಾಗೇಪಲ್ಲಿ, ಚೇಳೂರು, ಚಿಂತಾಮಣಿ ಭಾಗಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಮನೇಲಿ ತೆಲುಗು ಇಲ್ಲಾ ಉರ್ದು, ಸ್ಕೂಲಲ್ಲಿ ಕನ್ನಡ, ಇಂಥ ಮಗು ಬಾಯಿ ಬಿಟ್ಟು ಉತ್ತರ ಹೇಳೋಕೆ ಒಂದು ಕ್ಷಣ ತಡ ಮಾಡಿದ್ರೆ ದಡ್ಡ ಅಂತ ಲೆಕ್ಕ. ಚಿತ್ರದ ಪ್ರಶ್ನೆಗೆ ತೆಲುಗು ಕನ್ನಡ ಇಲ್ಲ.

ಹಾಗಾಗಿ ಶಿಕ್ಷಣ ಇಲಾಖೆಯ ಡಿಡಿಪಿಐ ಮತ್ತೆ ಬಿಇಒ ಸಾಹೇಬ್ರಿಗೆ ನಿಮ್ಮ ಪೇಪರ್ ಮೂಲಕ ನನ್ನ ಕೋರಿಕೆ. ನವೋದಯ ಕೇಂದ್ರ ಸರ್ಕಾರದ್ದು, ಅದರ ರೂಲ್ಸ್ ನಿಮ್ಮ ಕೈಲಿಲ್ಲ, ಒಪ್ಪಿದೆ. ಮೊರಾರ್ಜಿ, ಚೆನ್ನಮ್ಮ, ಆದರ್ಶ ನಮ್ಮ ರಾಜ್ಯದ್ದೇ. ಪ್ರತಿ ಮಗುಗೂ ಸ್ಯಾಟ್ಸ್ ನಂಬರ್ ಇದೆ, ಹೆಸರು, ಹುಟ್ಟಿದ ದಿನ, ಸ್ಕೂಲು ಎಲ್ಲಾ ನಿಮ್ಮ ಕಂಪ್ಯೂಟರಲ್ಲೇ ಕೂತಿದೆ. ಅಂದ್ಮೇಲೆ ಐದನೇ ಕ್ಲಾಸಿನ ಪ್ರತಿ ಮಗುನೂ ಅರ್ಜಿದಾರ ಅಂತಾನೇ ಲೆಕ್ಕ ಹಿಡಿರಿ, ಬೇಡ ಅನ್ನೋರು ಬೇಡ ಅಂತ ಬರೆದು ಕೊಡ್ಲಿ. ಈಗ ಉಲ್ಟಾ ಇದೆ, ಬೇಕು ಅನ್ನೋರು ಓಡಾಡ್ಬೇಕು. ನನ್ನ ವ್ಯಾಪಾರಕ್ಕೆ ನಷ್ಟ, ಆಗ್ಲಿ ಬಿಡಿ.

ಅದು ತಕ್ಷಣ ಆಗಲ್ಲ ಅಂದ್ರೆ ಈ ವರ್ಷ ಇನ್ನೂ ಚಿಕ್ಕದೊಂದು ಮಾಡಿ. ಪ್ರತಿ ಸ್ಕೂಲಿನ ಐದನೇ ಕ್ಲಾಸ್ ಹಾಜರಿ ಪಟ್ಟಿಯಲ್ಲಿ ಒಂದು ಕಾಲಂ ಜಾಸ್ತಿ ಹಾಕ್ಸಿ, ಯಾರಿಗೆ ಅರ್ಜಿ ಹಾಕಿದ್ದಾಯ್ತು, ಯಾರಿಗೆ ಇಲ್ಲ, ಇಲ್ಲ ಅಂದ್ರೆ ಯಾಕಿಲ್ಲ. ಅದನ್ನ ಎಸ್‌ಡಿಎಂಸಿ, ಅಂದ್ರೆ ಪೋಷಕರಿರೋ ಸ್ಕೂಲ್ ಸಮಿತಿ ಮೀಟಿಂಗಲ್ಲಿ ಜೋರಾಗಿ ಓದ್ಲಿ. ಕ್ಲಸ್ಟರ್ ನೋಡ್ಕೊಳ್ಳೋ ಸಿಆರ್‌ಪಿಗಳು ಸ್ಕೂಲಿಗೆ ಬಂದಾಗ ಮೊಟ್ಟೆ ಲೆಕ್ಕದ ಜೊತೆ ಇದನ್ನೂ ನೋಡ್ಲಿ. ಚಿತ್ರದ ಪ್ರಶ್ನೆಗಳ ನಾಲ್ಕು ಹಾಳೆ ಪ್ರತಿ ಸ್ಕೂಲಿಗೆ ಕಳಿಸಿ, ಎಲ್ಲಾ ಮಕ್ಕಳೂ ಒಂದು ಸಲ ಆದ್ರೂ ಕಾಗದ ಮಡಿಚಿ ತೂತು ಹೊಡೆದು ನೋಡ್ಲಿ, ಜೆರಾಕ್ಸ್ ಖರ್ಚು ಬೇಕಾದ್ರೆ ನನ್ನ ಲೆಕ್ಕಕ್ಕೆ ಬರ್ಕೊಳ್ಳಿ, ಎರಡೂ ಕಡೆ ಹಾಕಿ ಒಂದು ಕಡೆ ದುಡ್ಡಿಗೆ ಕೊಡ್ತೀನಿ.

ಇನ್ನು ಪೋಷಕರಿಗೆ ಒಂದು ಮಾತು, ಯಾಕಂದ್ರೆ ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಐದನೇ ಕ್ಲಾಸಲ್ಲಿ ತಪ್ಪಿದೋರಿಗೆ ಒಂಬತ್ತನೇ ಕ್ಲಾಸಿಗೆ ಖಾಲಿ ಇರೋ ಸೀಟಿಗೆ ನವೋದಯ ಇನ್ನೊಂದು ಪರೀಕ್ಷೆ ಮಾಡುತ್ತೆ. ಎಂಟನೇ ಕ್ಲಾಸಲ್ಲಿ ಎನ್‌ಎಂಎಂಎಸ್ ಅಂತ ಸ್ಕಾಲರ್‌ಶಿಪ್ ಪರೀಕ್ಷೆ ಇದೆ, ಸರ್ಕಾರಿ ಮತ್ತೆ ಅನುದಾನಿತ ಸ್ಕೂಲ್ ಮಕ್ಕಳಿಗೆ, ಮನೆ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿದ್ರೆ, ಪಾಸಾಗಿ ಸೆಲೆಕ್ಟ್ ಆದ್ರೆ ಒಂಬತ್ತರಿಂದ ಪಿಯುಸಿ ಮುಗಿಯೋವರೆಗೂ ವರ್ಷಕ್ಕೆ 12,000 ರೂಪಾಯಿ ಬ್ಯಾಂಕಿಗೆ ಬರುತ್ತೆ. ಅದಕ್ಕೆ ಏಳನೇ ಕ್ಲಾಸಲ್ಲಿ 55 ಪರ್ಸೆಂಟ್ ಇರಬೇಕು, ಎಸ್‌ಸಿ ಎಸ್‌ಟಿಗೆ 5 ಕಮ್ಮಿ. ಸ್ಕೂಲಲ್ಲಿ ಹೋಗಿ ಕೇಳಿ, ಯಾರೂ ಹೇಳ್ಲಿಲ್ಲ ಅಂತ ಕೂರಬೇಡಿ.

ಆ ಹುಡುಗಿ ಈಗ ಏಳನೇ ಕ್ಲಾಸು. ಅಜ್ಜಿ ಪಿಂಚಣಿ ಇನ್ನೂ ಸರಿಯಾಗಿಲ್ಲ, ಹೋದ ವಾರ ಮತ್ತೆ ಬಂದಿದ್ರು, ಜೊತೇಲಿ ಅವಳೂ ಬಂದಿದ್ಳು. ಎನ್‌ಎಂಎಂಎಸ್ ಹಳೇ ಪ್ರಶ್ನೆ ಪತ್ರಿಕೆ ಒಂದು ಪ್ರಿಂಟ್ ತೆಗೆದು ಕೊಟ್ಟೆ, ಹಿಂದೆ ಮುಂದೆ ಹಾಕಿ. ಹಾಳೆ ಎಣಿಸಿ ನೋಡಿ, "ಇದಕ್ಕೆಷ್ಟು ಸಾರ್?" ಅಂದ್ಳು.

ಇಂತಿ,
ಸೈಬರ್ ಸೆಂಟರ್ ನಡೆಸೋ ಒಬ್ಬ ಓದುಗ, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ